ತರಬೇತಿ ಶಾಲೆಯ ಚರಿತ್ರೆಯನ್ನು ನಾನು ಬರೆದ ಬಗೆ

ಅಗ್ನಿಶಾಮಕ ದಳದಿಂದ ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತನಾದ ಮೇಲೆ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ತರಬೇತಿಗೆ ಹೋಗಿ ಬಂದ ನಮ್ಮವರು ಅಲ್ಲಿ ಏನನ್ನು ಕಲಿತರು ಎಂಬುದನ್ನು ಬರೆದಿಡುವ ಕೆಲಸಕ್ಕೆ ಕೈಹಾಕಿದೆ. ಇಂದು ಹೊಸದಾಗಿ ಸೇರಿದವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ಕಲಿಯುತ್ತಾರೆ. ಅಲ್ಲಿನ ಕಟ್ಟಡಗಳ ವಿಷಯ ನನ್ನ ಬರಹದಲ್ಲಿ ಹೆಚ್ಚಿಲ್ಲ. ತರಬೇತಿ ಶಾಲೆಯ ಚರಿತ್ರೆ ಎಂದರೆ ಅಲ್ಲಿ ಕಲಿಸಿದ ಡ್ರಿಲ್‌ಗಳ ಚರಿತ್ರೆ ಎಂದೇ ನಾನು ತಿಳಿದಿದ್ದೇನೆ.

ಮೊದಲು ಅನುಮಾನಕ್ಕೆ ಎಡೆಯಿಲ್ಲದ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣ ಕೊಟ್ಟರು. ಅವರ ನೆನಪಿಗಾಗಿಯೇ ನಾವು ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುತ್ತೇವೆ. 1956ರಲ್ಲಿ ರಾಮಪುರದಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಮರುವರ್ಷ ನಾಗಪುರಕ್ಕೆ ಬಂತು. ನಮ್ಮ ರಾಜ್ಯದ ಅಗ್ನಿಶಾಮಕ ದಳದ ಕಾಯ್ದೆ 1964ರದು. ಇಷ್ಟು ಗೂಟಗಳನ್ನು ನೆಟ್ಟುಕೊಂಡ ಮೇಲೆ, ಉಳಿದುದನ್ನು ಜನರ ಬಾಯಿಂದಲೇ ಕೇಳಬೇಕಾಯಿತು. ಏಕೆಂದರೆ ಒಂದು ಕಚೇರಿಯಲ್ಲಿ ವಿಚಾರಿಸಿದಾಗ ಹಳೆಯ ಹಾಜರಿ ಪುಸ್ತಕಗಳೆಲ್ಲ ರದ್ದಿಗೆ ಹೋಗಿವೆ ಎಂಬ ಉತ್ತರ ಸಿಕ್ಕಿತು. ಆ ದಿನ ಮನೆಗೆ ಬಂದವನಿಗೆ ಊಟ ಸೇರಲಿಲ್ಲ.

ಇಸವಿಗಳ ವಿಷಯದಲ್ಲಿ ನೆನಪನ್ನು ಪೂರ್ತಿ ನಂಬುವಂತಿಲ್ಲ ಎಂಬುದು ಬೇಗನೆ ಗೊತ್ತಾಯಿತು. ಒಂದೇ ತಂಡದಲ್ಲಿದ್ದ ಇಬ್ಬರಲ್ಲಿ ಒಬ್ಬರು ತಾವು ತರಬೇತಿಗೆ ಸೇರಿದ್ದು ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯ ವರ್ಷ, ಅಂದರೆ 1981 ಎಂದರು. ಇನ್ನೊಬ್ಬರು ಗಂಗಾರಾಮ್ ಕಟ್ಟಡ ಕುಸಿದ 1983 ಎಂದು ಪಟ್ಟು ಹಿಡಿದರು. ಮೊದಲನೆಯವರು ತರಬೇತಿಯಿಂದ ತಾಯಿಗೆ ಬರೆದಿದ್ದ ಇನ್‌ಲ್ಯಾಂಡ್ ಪತ್ರವೊಂದು ಅವರ ಮನೆಯ ಮರದ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದರ ಮೇಲಿನ ಅಂಚೆ ಮುದ್ರೆಯನ್ನು ಬಿಸಿಲಿಗೆ ಹಿಡಿದು ಓದಿದ ಮೇಲೆ 1981 ಎಂಬುದೇ ಖಚಿತವಾಯಿತು. ಅಂದಿನಿಂದ, ಬರವಣಿಗೆಯ ಆಧಾರವಾದರೂ ಇರಬೇಕು, ಇಲ್ಲವೇ ಬೇರೆಬೇರೆ ಊರುಗಳ ಇಬ್ಬರು ಒಂದೇ ಮಾತು ಹೇಳಬೇಕು, ಹಾಗಿಲ್ಲದ ಯಾವ ಇಸವಿಯನ್ನೂ ಬರೆಯಬಾರದೆಂದು ನಿಶ್ಚಯಿಸಿದೆ.

ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ತರಬೇತಿಯ ನೋಟ್ ಪುಸ್ತಕಗಳು. 'ಗೆಟ್ ಟು ವರ್ಕ್' (ಕೆಲಸ ಶುರುಮಾಡಿ), 'ನಾಕ್ ಆಫ್ ಅಂಡ್ ಮೇಕ್ ಅಪ್' (ಕೆಲಸ ನಿಲ್ಲಿಸಿ, ಸಾಮಾನು ಕಟ್ಟಿಡಿ) ಎಂಬ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದವರು ನಾವು. ಅವುಗಳ ನಡುವೆಯೇ ಸಿಕ್ಕಿಬಿದ್ದವರನ್ನು ಇಳಿಸುವ ಹಗ್ಗದ ಗಂಟಾದ ಚೇರ್ ನಾಟ್, ಏಣಿಯ ಡ್ರಿಲ್, ಪಂಪ್ ಡ್ರಿಲ್‌ಗಳ ಚಿತ್ರಗಳಿರುತ್ತಿದ್ದವು. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರ ಪುಸ್ತಕದಲ್ಲಿ ಪಂಪಿಗೆ ನೀರೆಳೆಯುವ ಕೊಳವೆಯಾದ ಸಕ್ಷನ್ ಹೋಸ್‌ನ ಚಿತ್ರವಿತ್ತು. ಅದರ ತುದಿಯ ಲೋಹದ ಜಾಲರಿಯ ಸುತ್ತ ಪೆನ್ಸಿಲ್‌ನಲ್ಲಿ ಒಂದು ಬುಟ್ಟಿ ಬರೆದಿದ್ದರು. ಕೇಳಿದಾಗ, "ಈ ಬುಟ್ಟಿ ಕಟ್ಟದೆ ನಮ್ಮ ತೋಟದ ಕೆರೆಗೆ ಇಳಿಸಿದ್ರೆ ಪಂಪು ಎರಡು ನಿಮಿಷನೂ ನಡೀತಿರ್ಲಿಲ್ಲ ಮಾರಾಯ" ಎಂದರು. ಅಡಿಕೆ ಹಾಳೆಯ ಚೂರು, ಕೊಳೆತ ಎಲೆ, ಪಾಚಿ ಬಂದು ಜಾಲರಿಗೆ ಮೆತ್ತಿಕೊಂಡರೆ ನೀರಿನ ಎಳೆತ ನಿಂತುಹೋಗುತ್ತದೆ. ಬೆಂಕಿ ಆರಿಸಲು ನೀರು ಕೊಡುವ ಬೀದಿ ಕೊಳಾಯಿ, ಅಂದರೆ ಹೈಡ್ರಂಟ್ ಇಲ್ಲದ ಮಲೆನಾಡಿನ ಹಳ್ಳಿಗಳಲ್ಲಿ ಕೆರೆ, ಹೊಳೆ, ತೋಟದ ಬಾವಿಗಳೇ ನಮಗೆ ಗತಿಯಾದ್ದರಿಂದ, ಶಾಲೆಯ ಅಂಗಳದಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಈ ಪಾಠ ನಮ್ಮ ಪಾಲಿಗೆ ಇಡೀ ಸೇವಾವಧಿಯ ಪಾಠವಾಯಿತು. ಅದೇ ಪುಟದಲ್ಲಿ, ನೀರಿನ ಮಟ್ಟ ಪಂಪಿನಿಂದ 7 ಮೀಟರಿಗಿಂತ ಕೆಳಗಿದ್ದರೆ ನೆಚ್ಚಬೇಡ ಎಂಬ ಸಾಲಿಗೆ ಎರಡು ಗೆರೆ ಎಳೆದಿತ್ತು. ಲೆಕ್ಕದಲ್ಲಿ ವಾಯುಭಾರ ನೀರನ್ನು ಸುಮಾರು 10 ಮೀಟರ್ ಎತ್ತಬಲ್ಲದಾದರೂ ಕೆಲಸದಲ್ಲಿ ಅಷ್ಟು ಸಿಕ್ಕುವುದಿಲ್ಲ. ಬೇಸಿಗೆಯಲ್ಲಿ ದಡದಿಂದ ಬಹಳ ಕೆಳಗಿಳಿದ ಹೊಳೆಯ ಎದುರು ನಿಂತವರಿಗೆ ಆ ಎರಡು ಗೆರೆಗಳ ಬೆಲೆ ಗೊತ್ತು.

ಕ್ಯಾನ್‌ವಾಸ್ ಹೋಸ್‌ಗಳ ಕಥೆಯನ್ನೂ ವಿವರವಾಗಿ ಬರೆದೆ. ಬಳಸಿದ ಹೋಸನ್ನು ತೊಳೆದು, ತೂಗುಹಾಕಿ, ಪೂರ್ತಿ ಒಣಗಿದ ಮೇಲೆಯೇ ಸುತ್ತಿಡಬೇಕೆಂದು ಶಾಲೆ ಕಲಿಸುತ್ತಿತ್ತು. ಆದರೆ ಆಷಾಢದ ಮಳೆಯಲ್ಲಿ ನಮ್ಮ ಕಡೆ ಅಂಗಿಯೇ ಒಣಗುವುದಿಲ್ಲ. ಬೂಷ್ಟು ಹಿಡಿದ ಹೋಸ್ ಮುಂದಿನ ಕರೆಯಲ್ಲಿ ಒತ್ತಡಕ್ಕೆ ಹರಿದು, ಹೋಸಿನ ತುದಿಯ ನೀರು ಚಿಮ್ಮುವ ಬ್ರಾಂಚ್ ಹಿಡಿದವನ ಕೈಯಲ್ಲಿ ನೀರು ಸತ್ತುಹೋದ ಪ್ರಸಂಗಗಳನ್ನು ಮೂವರು ಹೇಳಿದರು. ರಬ್ಬರ್ ಲೇಪದ ಹೋಸ್‌ಗಳು ಬಂದಾಗ ನಮ್ಮ ಠಾಣೆಗಳಿಗಾದ ನಿರಾಳ ಬಯಲುಸೀಮೆಯವರಿಗೆ ಆಗಿರಲಿಕ್ಕಿಲ್ಲ.

ತಂಡಗಳ ಚಿತ್ರಗಳಲ್ಲಿ ಗುರುತು ಖಚಿತವಾದವರ ಹೆಸರನ್ನು ಮಾತ್ರ ಬರೆದಿದ್ದೇನೆ. ಕೊನೆಗೆ ಎಲ್ಲವನ್ನೂ ಕೈಬರಹದಲ್ಲಿ ಎರಡು ಪ್ರತಿ ಮಾಡಿ ಬೈಂಡ್ ಹಾಕಿಸಿದೆ. ಓದಿದವರು ತಿದ್ದಲಿ, ಸೇರಿಸಲಿ ಎಂದು ಬಲಬದಿಯ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ಎರಡನೆಯ ತಿಂಗಳಲ್ಲೇ ನಿವೃತ್ತ ಚಾಲಕರೊಬ್ಬರು ಮನೆಗೆ ಬಂದು, ಸಕ್ಷನ್ನಿನ ಪುಟ ತೆರೆದು, ತಮ್ಮ ತಂಡಕ್ಕೆ ಶಾಲೆಯಲ್ಲಿ ಕೊಟ್ಟ ಬುಟ್ಟಿ ನಾನು ಬರೆದಂತೆ ಬಿದಿರಿನದಲ್ಲ, ಬೆತ್ತದ್ದು ಎಂದು ಬರೆದು, ಕೆಳಗೆ ರುಜು ಹಾಕಿ ಹೋದರು.