ಸರಾಸರಿ ಹರಿವನ್ನು ನಂಬಿ ನೀರು ಹಂಚಬೇಡಿ: ನದಿಯ ಲೆಕ್ಕ ಹಾಕುವ ಬಗೆ

ನೀರಿನ ಯೋಜನೆ ದಾರಿ ತಪ್ಪುವುದು ಹೆಚ್ಚಾಗಿ ವಾರ್ಷಿಕ ಸರಾಸರಿಯಿಂದ. ನಾಲ್ಕಾರು ಪ್ರವಾಹದ ವರ್ಷಗಳು ಅದನ್ನು ಮೇಲಕ್ಕೆಳೆಯುತ್ತವೆ, ಆ ನೀರಲ್ಲಿ ಬಹುಪಾಲು ಹಿಡಿದಿಡಲಾಗದೆ ಹರಿದುಹೋಗಿರುತ್ತದೆ. ಅಮೆರಿಕದ 1922ರ ಕೊಲೊರಾಡೊ ನದಿ ಒಪ್ಪಂದ ಹೆಚ್ಚು ನೀರಿದ್ದ ವರ್ಷಗಳ ದಾಖಲೆ ನಂಬಿ ಮೇಲಿನ, ಕೆಳಗಿನ ಜಲಾನಯನಗಳಿಗೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ಹಂಚಿತು. ಅದರ ಸಂಕಟ ಇಂದಿಗೂ ತೀರಿಲ್ಲ.

ಕನಿಷ್ಠ 30 ವರ್ಷಗಳ ಮಾಸಿಕ ಹರಿವಿನ ದಾಖಲೆ ತೆಗೆದುಕೊಳ್ಳಿ. ಮಾಪನ ಕೇಂದ್ರ ಜಾಗ ಬದಲಿಸಿದೆಯೇ ನೋಡಿ. ಮೇಲ್ಭಾಗದಲ್ಲಿ ಎತ್ತಿಕೊಂಡ ನೀರು, ಜಲಾಶಯಗಳಲ್ಲಿ ಏರಿದ ಸಂಗ್ರಹ, ಅಲ್ಲಿ ಆವಿಯಾದದ್ದು ಇವನ್ನು ಮತ್ತೆ ಕೂಡಿಸಿ (ಸಂಗ್ರಹ ಇಳಿದಿದ್ದರೆ ಕಳೆಯಿರಿ). ಇಲ್ಲದಿದ್ದರೆ ಬಳಕೆ ಹೆಚ್ಚಿದ್ದನ್ನು ಮಳೆ ಕಡಿಮೆಯಾಯಿತೆಂದು ತಿಳಿಯುವಿರಿ.

ವಾರ್ಷಿಕ ಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಕ್ರಮಸಂಖ್ಯೆಯನ್ನು ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ ಬಂದದ್ದರಿಂದ ಭಾಗಿಸಿ. 39 ವರ್ಷಗಳಿದ್ದರೆ 30ನೆಯದು (30/40) ಶೇ 75ರ ಅವಲಂಬನೆಯ ಹರಿವು, ಅಂದರೆ ಶೇ 75ರಷ್ಟು ವರ್ಷಗಳಲ್ಲಿ ಕನಿಷ್ಠ ಅಷ್ಟಾದರೂ ಸಿಗುವ ನೀರು; 36ನೆಯದು ಶೇ 90ರದು. ಶೇ 75 ಎಂದರೆ ನಾಲ್ಕರಲ್ಲಿ ಒಂದು ವರ್ಷ ಕೊರತೆ. ನೀರಾವರಿ ಅದನ್ನು ತಾಳಬಹುದು, ಕುಡಿಯುವ ನೀರು ತಾಳದು.

ಮಳೆ ಕಡಿಮೆಯಾದರೆ ಹರಿವು ಅದಕ್ಕಿಂತ ಜೋರಾಗಿ ಕುಸಿಯುತ್ತದೆ. 1000 ಮಿ.ಮೀ. ಮಳೆಯಲ್ಲಿ ಮಣ್ಣು, ಗಿಡಗಳಿಂದ 700 ಆವಿಯಾದರೆ ನದಿಗೆ 300. ಮಳೆ 900ಕ್ಕೆ ಇಳಿದು ಆವಿ 670 ಆದರೆ ಉಳಿಯುವುದು 230: ಮಳೆಯಲ್ಲಿ ಶೇ 10, ಹರಿವಿನಲ್ಲಿ ಶೇ 23 ಇಳಿಕೆ. ಸತತ ಎರಡನೇ ಬರದಲ್ಲಿ ಏಟು ಇನ್ನೂ ಜೋರು, ಏಕೆಂದರೆ ಬೇಸಿಗೆಯಲ್ಲಿ ನದಿಯನ್ನು ಉಣಿಸುವ ಅಂತರ್ಜಲ ಆಗಲೇ ಕೆಳಗಿಳಿದಿರುತ್ತದೆ.

ಆದ್ದರಿಂದ ದಾಖಲೆಯಲ್ಲಿ ಬೆನ್ನುಬೆನ್ನಿಗೆ ಬಂದ ಕೆಟ್ಟ ವರ್ಷಗಳನ್ನು ಅದೇ ಕ್ರಮದಲ್ಲಿ ಜಲಾಶಯದ ಲೆಕ್ಕದಲ್ಲಿ ಓಡಿಸಿ. ಪ್ರತಿ ತಿಂಗಳು: ಹಿಂದಿನ ಸಂಗ್ರಹಕ್ಕೆ ಒಳಹರಿವು ಕೂಡಿಸಿ, ಆವಿ, ಬಳಕೆ, ನದಿಗೆ ಬಿಡಲೇಬೇಕಾದ ನೀರು ಕಳೆಯಿರಿ. ಸಾಮರ್ಥ್ಯ ಮೀರಿದ್ದು ಹೊರಹರಿವು. ಆವಿಯನ್ನು ಆ ತಿಂಗಳ ನೀರಹರವಿಗೆ ತಕ್ಕಂತೆ ಹಿಡಿಯಿರಿ. ಹೂಳು ತುಂಬಿದ ಮೇಲಿನ ಈಗಿನ ಸಾಮರ್ಥ್ಯ ಬಳಸಿ, ಮೂಲ ವಿನ್ಯಾಸದ್ದಲ್ಲ. ತುಂಬಿದ ಜಲಾಶಯದಿಂದ ಶುರುಮಾಡಿದರೆ ಮೊದಲ ಬರ ಕಾಣಿಸುವುದೇ ಇಲ್ಲ, ಅರ್ಧ ಸಂಗ್ರಹದಿಂದಲೂ ಓಡಿಸಿ. ಬಳಿಕ ಒಳಹರಿವನ್ನು ಶೇ 10, 20, 30 ತಗ್ಗಿಸಿ ಮತ್ತೆ ನೋಡಿ.

ಸಂಗ್ರಹ ಡೆಡ್ ಸ್ಟೋರೇಜ್ (ತೂಬಿಗಿಂತ ಕೆಳಗಿರುವ, ಹೊರಬಿಡಲಾಗದ ನೀರು) ಮುಟ್ಟುವ ತಿಂಗಳು ಗೊತ್ತಾದ ಮೇಲೆ ಹಿಂದಕ್ಕೆ ಎಣಿಸಿ: ಯಾವ ಮಟ್ಟದಲ್ಲಿ ಎರಡನೇ ಬೆಳೆಗೆ ನೀರು ನಿಲ್ಲಿಸಿದರೆ ಮುಂದಿನ ಮಳೆಗಾಲದವರೆಗೆ ಕುಡಿಯಲು ಉಳಿಯುತ್ತದೆ? ಆ ಮಟ್ಟವನ್ನು ಬರಕ್ಕೆ ಮೊದಲೇ ಬರೆದು, ಎಲ್ಲ ಬಳಕೆದಾರರ ಒಪ್ಪಿಗೆ ಪಡೆಯಿರಿ.