ಕೂಟ ಬಿಡುವ ದೇಶದ ವ್ಯಾಪಾರ ಮಾತುಕತೆ: ಕೋಟಾ ಹಂಚಿಕೆ, ಮೂಲದೇಶದ ಲೆಕ್ಕ

ಆರ್ಥಿಕ ಕೂಟದಿಂದ ಒಂದು ದೇಶ ಹೊರನಡೆದಾಗ ಸುದ್ದಿಯಾಗುವುದು ಆ ದೇಶಕ್ಕೂ ಕೂಟಕ್ಕೂ ನಡೆಯುವ ಮಾತುಕತೆ. ನಮ್ಮಂಥ ಲೆಕ್ಕದ ಕೆಲಸದವರ ಹೊತ್ತು ಹೋಗುವುದು ಬೇರೆ ಕಡೆ. ಕೂಟದ ಹೆಸರಿನಲ್ಲಿದ್ದ ಸುಂಕ ಪಟ್ಟಿ, ಕೋಟಾ, ಒಪ್ಪಂದಗಳಲ್ಲಿ ಹೊರಡುವ ದೇಶದ ಪಾಲು ಯಾವುದು ಎಂದು ಬಿಡಿಸಿ ತೆಗೆಯಬೇಕು, ಅದನ್ನು ಮೂರನೆಯವರು ಒಪ್ಪುವ ಹಾಗೆ ಕಾಗದದ ಮೇಲೆ ಇಡಬೇಕು. ಮೇಜಿನ ಮೇಲಿನ ಚೌಕಾಸಿ ಎಷ್ಟೇ ಜಾಣತನದ್ದಾದರೂ ಈ ಲೆಕ್ಕ ತಾಳೆಯಾಗದಿದ್ದರೆ ನಿಲ್ಲುವುದಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರೆಕ್ಸಿಟ್‌ನ ಕಡತಗಳಲ್ಲಿ ಇದು ಚೆನ್ನಾಗಿ ಕಾಣಿಸುವುದರಿಂದ ಅದನ್ನೇ ಮುಂದಿಟ್ಟುಕೊಂಡು, ನಾವು ಈ ಕೆಲಸ ಮಾಡುವ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಓದಬೇಕಾದದ್ದು ನಿರ್ಗಮನದ ವಿಧಿಯನ್ನು. ಎಲ್ಲ ಕೂಟಗಳಲ್ಲೂ ಅದು ಒಂದೇ ರೀತಿ ಇರುವುದಿಲ್ಲ. ದಕ್ಷಿಣ ಅಮೆರಿಕದ ಕೂಟವಾದ ಆಂಡಿಯನ್ ಸಮುದಾಯದ ಮೂಲ ಒಪ್ಪಂದದಲ್ಲಿ, ಹೊರಟ ದೇಶಕ್ಕೂ ಉಳಿದ ಸದಸ್ಯರಿಗೂ ನಡುವಿನ ಸುಂಕ ರಿಯಾಯಿತಿ ಐದು ವರ್ಷ ಮುಂದುವರಿಯುತ್ತದೆ ಎಂದೇ ಬರೆದಿದೆ. 2006ರ ಏಪ್ರಿಲ್‌ನಲ್ಲಿ ವೆನೆಜುವೆಲಾ ಹೊರಟಿತು, ರಿಯಾಯಿತಿ 2011ರ ಏಪ್ರಿಲ್‌ವರೆಗೆ ಇತ್ತು. ಹೊಸ ಒಪ್ಪಂದ ಮಾಡಿಕೊಳ್ಳಲು ಅಷ್ಟು ಅವಕಾಶ ಸಿಕ್ಕಂತಾಯಿತು. ಐರೋಪ್ಯ ಒಕ್ಕೂಟದ 50ನೇ ವಿಧಿಯಲ್ಲಿ ಅಂಥದ್ದೇನೂ ಇಲ್ಲ. ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ. ಅಷ್ಟರೊಳಗೆ ಒಪ್ಪಂದವಾಗದಿದ್ದರೆ, ಎಲ್ಲರೂ ಸೇರಿ ಗಡುವು ವಿಸ್ತರಿಸದಿದ್ದರೆ, ಸದಸ್ಯತ್ವ ತಾನಾಗಿ ಮುಗಿಯುತ್ತದೆ. 2017ರ ಮಾರ್ಚ್ 29ರಂದು ಬ್ರಿಟನ್ ನೋಟಿಸ್ ಕೊಟ್ಟ ಕೂಡಲೇ ಗಡಿಯಾರ ಅದರ ವಿರುದ್ಧ ಓಡತೊಡಗಿತು. ಮೊದಲು ನಾಗರಿಕರ ಹಕ್ಕು, ಹಣದ ಬಾಕಿ, ಐರ್ಲೆಂಡ್ ಗಡಿ. ಅದರಲ್ಲಿ ಸಾಕಷ್ಟು ಪ್ರಗತಿಯಾದ ಮೇಲೆ ಮುಂದಿನ ಸಂಬಂಧದ ಮಾತು ಎಂಬ ಅನುಕ್ರಮವನ್ನು ಒಕ್ಕೂಟ ಹೇರಿದ್ದೂ ಆ ಗಡಿಯಾರದ ಬಲದಿಂದಲೇ. ಆದ್ದರಿಂದ ನನ್ನ ಖಚಿತ ಅಭಿಪ್ರಾಯ ಇಷ್ಟು: ದಾಸ್ತಾನು ಪಟ್ಟಿ, ಅಂಕಿಅಂಶ, ಸುಂಕ ಪಟ್ಟಿಯ ಕರಡು, ಈ ಮೂರೂ ಕೈಯಲ್ಲಿಲ್ಲದೆ ನೋಟಿಸ್ ಕೊಡಬಾರದು.

ದಾಸ್ತಾನು ಪಟ್ಟಿ ಎಂದರೆ ಕೂಟದ ಮೂಲಕ ಬಂದ ಹಕ್ಕು, ಹೊಣೆ ಎಲ್ಲದರ ಒಂದು ಕೋಷ್ಟಕ. ಒಂದೊಂದು ಸಾಲಿಗೂ ಇಷ್ಟು ಕಾಲಂ ಬೇಕು: ಒಪ್ಪಂದ, ಅದರಡಿಯ ಜಂಟಿ ಸಮಿತಿಯ ತೀರ್ಮಾನಗಳು, ಯಾವ ಸರಕು, ಎಷ್ಟು ವ್ಯಾಪಾರ, ಹೊರಬಂದ ದಿನ ಏನಾಗುತ್ತದೆ, ಯಾರ ಒಪ್ಪಿಗೆ ಬೇಕು, ಅವರ ಸಂಸತ್ತಿನಲ್ಲಿ ಅನುಮೋದನೆಗೆ ಎಷ್ಟು ತಿಂಗಳು ಹಿಡಿಯುತ್ತದೆ. ಕೊನೆಯ ಕಾಲಂ ಅನ್ನು ಹಲವರು ಬಿಟ್ಟುಬಿಡುತ್ತಾರೆ. ಸಹಿಗೂ ಜಾರಿಗೂ ನಡುವಿನ ಅಂತರದಲ್ಲೇ ಸರಕು ಬಂದರಿನಲ್ಲಿ ಪೂರ್ತಿ ಸುಂಕ ಕಟ್ಟುವುದು.

ಇನ್ನು ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ. ಬ್ರಿಟನ್ ಅಲ್ಲಿ ಸ್ವಂತ ಹೆಸರಿನ ಸದಸ್ಯ ದೇಶವೇ ಆಗಿತ್ತು, ಆದರೆ ಸ್ವಂತದ ಬದ್ಧತಾ ಪಟ್ಟಿ, ಅಂದರೆ ಯಾವುದಕ್ಕೆ ಹೆಚ್ಚೆಂದರೆ ಎಷ್ಟು ಸುಂಕ ಎಂಬಂಥ ಮಾತು ಕೊಟ್ಟ ಪಟ್ಟಿ, ಇರಲಿಲ್ಲ. 2018ರ ಜುಲೈಯಲ್ಲಿ ಸರಕುಗಳ ಪಟ್ಟಿಯನ್ನು, ಡಿಸೆಂಬರ್‌ನಲ್ಲಿ ಸೇವೆಗಳ ಪಟ್ಟಿಯನ್ನು ಸದಸ್ಯರಿಗೆ ಕಳಿಸಿತು. ಒಕ್ಕೂಟದ ಗರಿಷ್ಠ ಸುಂಕದ ದರಗಳನ್ನು ಇದ್ದ ಹಾಗೇ ನಕಲು ಮಾಡಿಕೊಂಡರೆ ಅದು 'ತಿದ್ದುಪಡಿ' ಮಾತ್ರ. ಮೂರು ತಿಂಗಳಲ್ಲಿ ಯಾರೂ ಆಕ್ಷೇಪಿಸದಿದ್ದರೆ ದೃಢೀಕರಣವಾಗುತ್ತದೆ. ರಿಯಾಯಿತಿಯಲ್ಲಿ ಬದಲಾವಣೆ ಇದೆ ಎಂದು ಯಾರಾದರೂ ಹೇಳಿದರೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದವಾದ ಗ್ಯಾಟ್‌ನ 28ನೇ ವಿಧಿಯ ಮಾತುಕತೆಗೆ ಹೋಗಬೇಕು, ಪರಿಹಾರ ಕೊಡಬೇಕಾಗಬಹುದು. ಇಲ್ಲಿ ಒಂದು ತಪ್ಪು ಭಯ ಹರಡುತ್ತದೆ, ದೃಢೀಕರಣವಿಲ್ಲದೆ ವ್ಯಾಪಾರವೇ ಮಾಡುವಂತಿಲ್ಲ ಎಂದು. ಹಾಗಿಲ್ಲ. ಐರೋಪ್ಯ ಒಕ್ಕೂಟವೇ ಎಷ್ಟೋ ವರ್ಷ ದೃಢೀಕರಣವಾಗದ ಪಟ್ಟಿಯ ಮೇಲೆ ವ್ಯಾಪಾರ ನಡೆಸಿದೆ.

ಯೂರೋದಲ್ಲಿರುವ ನಿರ್ದಿಷ್ಟ ಸುಂಕವನ್ನು, ಅಂದರೆ 100 ಕಿಲೋಗೆ ಇಷ್ಟು ಎಂಬಂಥದ್ದನ್ನು, ಸ್ವಂತ ನಾಣ್ಯಕ್ಕೆ ಬದಲಿಸುವಾಗ ಜಾಗ್ರತೆ ಬೇಕು. ಒಂದು ದಿನದ ವಿನಿಮಯ ದರ ಹಿಡಿದರೆ ರಕ್ಷಣೆ ಹೆಚ್ಚಿಸಿದಿರಿ ಎಂದು ರಫ್ತು ದೇಶಗಳು ಹಿಡಿದುಕೊಳ್ಳುತ್ತವೆ. ಹಲವು ವರ್ಷಗಳ ಸರಾಸರಿ ತೆಗೆದುಕೊಂಡು, ಪೂರ್ಣಾಂಕ ಮಾಡುವಾಗ ಕೆಳಕ್ಕೇ ಇಳಿಸಿದರೆ ವಾದ ಬೇಗ ಮುಗಿಯುತ್ತದೆ.

ಪಟ್ಟಿಯಲ್ಲಿ ನಿಜವಾಗಿ ಬೆವರಿಳಿಸುವುದು ಸುಂಕ ಕೋಟಾ. ಇಷ್ಟು ಟನ್‌ವರೆಗೆ ಕಡಿಮೆ ಸುಂಕ, ಅದರ ಮೇಲೆ ಪೂರ್ತಿ ಸುಂಕ ಎಂಬ ಏರ್ಪಾಡು. ಕೋಟಾ ಇರುವುದು ಇಡೀ ಕೂಟಕ್ಕೆ. ಒಬ್ಬರು ಹೊರಟಾಗ ಅದನ್ನು ಹೇಗೆ ಸೀಳುವುದು? 2017ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಒಕ್ಕೂಟ ಜಂಟಿಯಾಗಿ ಸದಸ್ಯ ದೇಶಗಳಿಗೆ ಪತ್ರ ಬರೆದು, ಹಿಂದಿನ ಬಳಕೆಯ ಪ್ರಕಾರ ಹಂಚುತ್ತೇವೆ ಎಂದವು. ಆಧಾರವಾಗಿ ಹಿಡಿದದ್ದು 2013ರಿಂದ 2015ರವರೆಗಿನ ಬಳಕೆ.

ಕೆಲಸದ ವಿಧಾನವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಹೇಳುತ್ತೇನೆ. ಕೋಟಾ 12,000 ಟನ್. ಮೂರು ವರ್ಷಗಳ ಸರಾಸರಿ ಬಳಕೆ 9,000 ಟನ್, ಅದರಲ್ಲಿ ಹೊರಡುವ ದೇಶಕ್ಕೆ ಬಂದದ್ದು 2,700. ಪಾಲು ಶೇ 30. ಈ ಶೇಕಡಾವಾರನ್ನು ಬಳಕೆಯ ಮೇಲಲ್ಲ, ಪೂರ್ತಿ ಕೋಟಾದ ಮೇಲೆ ಹಾಕಬೇಕು. ಆಗ 3,600 ಮತ್ತು 8,400 ಟನ್ ಬರುತ್ತದೆ. 2,700 ಎಂದು ಬರೆದರೆ ಉಳಿದವರ ಪಾಲು 6,300 ಆಗಿ, ಬಳಸದೆ ಉಳಿದ 3,000 ಟನ್ ಹಕ್ಕನ್ನು ಸದ್ದಿಲ್ಲದೆ ನುಂಗಿದಂತಾಗುತ್ತದೆ. ರಫ್ತು ದೇಶಗಳು ಮೊದಲು ಕೂಡಿ ನೋಡುವುದೇ ಎರಡು ಪಾಲೂ ಸೇರಿ ಹಳೆಯ ಮೊತ್ತ ಆಗುತ್ತದೆಯೇ ಎಂದು.

ಅಂಕಿ ತೆಗೆಯುವಲ್ಲೇ ಎಡವಟ್ಟು ಹೆಚ್ಚು. ಸಾಮಾನ್ಯ ಆಮದು ಅಂಕಿ ಸಾಲದು. ಕೋಟಾ ಕ್ರಮಸಂಖ್ಯೆ ನಮೂದಾದ ಕಸ್ಟಮ್ಸ್ ದಾಖಲೆ ಬೇಕು, ಏಕೆಂದರೆ ಅದೇ ಸರಕು ಕೋಟಾದ ಹೊರಗೂ, ಬೇರೊಂದು ಒಪ್ಪಂದದ ರಿಯಾಯಿತಿಯಲ್ಲೂ ಬಂದಿರುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ಕೋಟಾಗಳಿಗೆ ಕಸ್ಟಮ್ಸ್ ದಾಖಲೆ, ಲೈಸೆನ್ಸ್ ಮೂಲಕ ಹಂಚುವ ಕೋಟಾಗಳಿಗೆ ಲೈಸೆನ್ಸ್ ದಾಖಲೆ. ಇವೆರಡೂ ಒಂದಕ್ಕೊಂದು ಹೊಂದುವುದು ಅಪರೂಪ: ಲೈಸೆನ್ಸ್ ಒಂದು ದೇಶದಲ್ಲಿ ತೆಗೆದು ಸರಕನ್ನು ಮತ್ತೊಂದು ದೇಶದಲ್ಲಿ ಇಳಿಸಿರುತ್ತಾರೆ. ರಾಟರ್‌ಡ್ಯಾಮ್ ಬಂದರಿನಲ್ಲಿ ಸುಂಕ ತೀರಿಸಿದ ಕಂಟೇನರ್ ನೆದರ್ಲೆಂಡ್ಸ್‌ನ ಲೆಕ್ಕಕ್ಕೆ ಸೇರುತ್ತದೆ, ಮಾಲು ತಿಂದವರು ಬ್ರಿಟನ್ನಿನವರಾದರೂ. ಒಂದೇ ಮಾರುಕಟ್ಟೆ ಇದ್ದಾಗ ಆ ಮುಂದಿನ ಪಯಣ ಯಾವ ಕಸ್ಟಮ್ಸ್ ಪುಸ್ತಕದಲ್ಲೂ ಇರುವುದಿಲ್ಲ. ಪಾಲು ಯಾರದು ಎಂಬ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ಸುಂಕ ತೀರಿದ ಸ್ಥಳವನ್ನು ಹಿಡಿಯುತ್ತೀರೋ, ಬಳಕೆಯ ಸ್ಥಳವನ್ನು ಹಿಡಿಯುತ್ತೀರೋ ಎಂಬುದನ್ನು ಮೊದಲೇ ತೀರ್ಮಾನಿಸಿ ಎಲ್ಲ ಕೋಟಾಗಳಿಗೂ ಒಂದೇ ನಿಯಮ ಹಾಕಿ. ಲಾಭ ನೋಡಿಕೊಂಡು ಒಂದಕ್ಕೊಂದು ಬೇರೆ ಮಾಡಿದರೆ ಎದುರಿನವರು ಒಂದೇ ಓದಿನಲ್ಲಿ ಹಿಡಿಯುತ್ತಾರೆ.

ಲೆಕ್ಕ ಸರಿಯಿದ್ದರೂ ಆಕ್ಷೇಪ ಬರುತ್ತದೆ, ಮತ್ತು ಅದರಲ್ಲಿ ಹುರುಳಿದೆ. ಅಮೆರಿಕ, ಕೆನಡಾ, ಬ್ರೆಜಿಲ್, ಅರ್ಜೆಂಟೀನಾ, ನ್ಯೂಜಿಲೆಂಡ್, ಉರುಗ್ವೆ, ಥಾಯ್ಲೆಂಡ್ ಒಟ್ಟಾಗಿ ವಿರೋಧಿಸಿದ್ದು ಇದಕ್ಕೇ. ನ್ಯೂಜಿಲೆಂಡ್‌ನ ಕುರಿಮಾಂಸದ ಕೋಟಾ ಸುಮಾರು 2.28 ಲಕ್ಷ ಟನ್. ಅದನ್ನು ಹೆಚ್ಚುಕಡಿಮೆ ಅರ್ಧರ್ಧ ಮಾಡಿದರು. ಮೊತ್ತ ಕಡಿಮೆಯಾಗಲಿಲ್ಲ, ಹೊಂದಿಸಿಕೊಳ್ಳುವ ಅನುಕೂಲ ಹೋಯಿತು. ಮೊದಲು ಬ್ರಿಟನ್ನಿನಲ್ಲಿ ಬೆಲೆ ಬಿದ್ದರೆ ಹಡಗನ್ನು ಫ್ರಾನ್ಸ್ ಕಡೆ ತಿರುಗಿಸಬಹುದಿತ್ತು, ಈಗ ಎರಡು ಪ್ರತ್ಯೇಕ ಗೋಡೆ. ಸಣ್ಣ ಕೋಟಾಗಳಲ್ಲಿ ಇದು ಇನ್ನೂ ಕೆಟ್ಟದ್ದು. ಒಂದು ಕಂಟೇನರ್‌ನಲ್ಲಿ 20ರಿಂದ 25 ಟನ್ ಹಿಡಿಯುತ್ತದೆ. ಪಾಲು 6 ಟನ್ ಬಂದರೆ ಅದನ್ನು ನಂಬಿ ಯಾರೂ ಸರಕು ಕಳಿಸುವುದಿಲ್ಲ. ಆಧಾರ ವರ್ಷಗಳಲ್ಲಿ ಬಳಕೆಯೇ ಇಲ್ಲದೆ ಪಾಲು ಸೊನ್ನೆ ಬಂದ ಕಡೆ, ಮುಂದೆ ತೆರೆಯಬಹುದಾಗಿದ್ದ ಮಾರುಕಟ್ಟೆಯೇ ಮುಚ್ಚಿತು ಎಂಬ ವಾದ ಏಳುತ್ತದೆ.

ಇನ್ನೊಂದು ಸೂಕ್ಷ್ಮ. ಎಲ್ಲ ದೇಶಗಳಿಗೂ ತೆರೆದ ಕೋಟಾ ಇದ್ದರೆ, ಹೊರಬಂದ ಮರುದಿನದಿಂದ ಉಳಿದ ಕೂಟವೂ ಹೊರದೇಶವೇ. ಒಪ್ಪಂದವಿಲ್ಲದೆ ಹೊರಬಂದರೆ ನೆರೆಯ ದೊಡ್ಡ ಉತ್ಪಾದಕರೆಲ್ಲ ಅದೇ ಕೋಟಾಕ್ಕೆ ನುಗ್ಗಿ ಮೊದಲ ವಾರದಲ್ಲೇ ಖಾಲಿ ಮಾಡಿಬಿಡಬಹುದು. ಅಂಥ ಕೋಟಾಗಳಿಗೆ ಮೊದಲೇ ಗುರುತು ಹಾಕಿಕೊಂಡು, ಮೂರನೆಯ ದೇಶಗಳಿಗೆ ಏನು ಉತ್ತರ ಕೊಡುವುದೆಂದು ಬರೆದಿಡುವುದು ಒಳ್ಳೆಯದು. ಕೋಟಾ ವರ್ಷವನ್ನೂ ನೋಡಿ: ಕೆಲವು ಜನವರಿಗೆ, ಕೆಲವು ಜುಲೈಗೆ ಶುರುವಾಗುತ್ತವೆ. ನಡುವೆ ಹೊರಬಂದರೆ ತಿಂಗಳ ಲೆಕ್ಕದಲ್ಲಿ ಕಡಿತ ಮಾಡುವುದು ಸುಲಭ, ಆದರೆ ಹಬ್ಬದ ಹೊತ್ತಿಗೇ ಹೆಚ್ಚು ಬರುವ ಮಾಂಸದಂಥ ಸರಕಿಗೆ ಅದು ಅನ್ಯಾಯ.

ಕೂಟ ಮಾಡಿಕೊಂಡಿದ್ದ ಒಪ್ಪಂದಗಳನ್ನು ಮುಂದುವರಿಸುವ ಕೆಲಸ ಇದಕ್ಕೆ ಸಮಾನಾಂತರವಾಗಿ ನಡೆಯಬೇಕು. ಸಣ್ಣ ದಾರಿ ಒಂದಿದೆ: ಹಳೆಯ ಒಪ್ಪಂದವನ್ನು ಉಲ್ಲೇಖಿಸಿ, 'ಅಗತ್ಯ ಬದಲಾವಣೆಗಳೊಂದಿಗೆ ಅನ್ವಯಿಸುತ್ತದೆ' ಎಂದು ಕೆಲವೇ ಪುಟದಲ್ಲಿ ಮುಗಿಸುವುದು. ಈ ದಾರಿಯಲ್ಲಿ ಎಡವುವುದು ದಿನಾಂಕಗಳಲ್ಲಿ. ಸುಂಕ ಹಂತಹಂತವಾಗಿ ಇಳಿಯುವ ಒಪ್ಪಂದದಲ್ಲಿ 'ಜಾರಿಯಾದ ದಿನ' ಎಂದರೆ ಹಳೆಯ ಒಪ್ಪಂದದ ದಿನ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಇಳಿಕೆ ಮತ್ತೆ ಮೊದಲ ಮೆಟ್ಟಿಲಿನಿಂದ ಶುರುವಾಗುತ್ತದೆ. ನಕಲು ಮಾಡಿದ ಪಠ್ಯದಲ್ಲಿ ಸತ್ತ ಉಲ್ಲೇಖಗಳೂ ಉಳಿಯುತ್ತವೆ. 2020ರ ಬ್ರಿಟನ್–ಒಕ್ಕೂಟ ಒಪ್ಪಂದದ ಒಂದು ಅನುಬಂಧದಲ್ಲಿ ನೆಟ್‌ಸ್ಕೇಪ್ ಕಮ್ಯುನಿಕೇಟರ್ ಎಂಬ ಹಳೆಯ ತಂತ್ರಾಂಶದ ಹೆಸರು ಹಾಗೇ ಇತ್ತು.

ಎದುರಿನ ದೇಶ ಯಾಕೆ ಒಪ್ಪಬೇಕು ಎಂಬುದನ್ನೂ ಯೋಚಿಸಬೇಕು. 2019ರ ಮಾರ್ಚ್‌ನಲ್ಲಿ ಬ್ರಿಟನ್, ಒಪ್ಪಂದವಿಲ್ಲದೆ ಹೊರಬಂದರೆ ಮೌಲ್ಯದಲ್ಲಿ ಶೇ 87ರಷ್ಟು ಆಮದಿಗೆ ಸುಂಕವಿಲ್ಲ ಎಂದು ಪ್ರಕಟಿಸಿತು. ಪುಕ್ಕಟೆಯಾಗಿ ಸಿಗುವುದಕ್ಕೆ ಬೆಲೆ ಕೊಡುವವರು ಯಾರು? ಕೆನಡಾಗೆ ಆಗ ಆತುರ ಉಳಿಯಲಿಲ್ಲ. ಅದರೊಂದಿಗಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಡಿಸೆಂಬರ್‌ನಲ್ಲಿ. ಟರ್ಕಿಯದು ಬೇರೆ ಕಥೆ. ಐರೋಪ್ಯ ಒಕ್ಕೂಟದೊಂದಿಗೆ ಸುಂಕ ಒಕ್ಕೂಟದಲ್ಲಿ, ಅಂದರೆ ಹೊರದೇಶಗಳಿಗೆ ಒಂದೇ ಸುಂಕ ಹಾಕುವ ಏರ್ಪಾಡಿನಲ್ಲಿ ಇರುವುದರಿಂದ, ಬ್ರಿಟನ್–ಒಕ್ಕೂಟ ಒಪ್ಪಂದ ಆಗುವವರೆಗೆ ಅದು ಕಾಯಲೇಬೇಕಿತ್ತು. ಡಿಸೆಂಬರ್ 24ಕ್ಕೆ ಅಲ್ಲಿ ತೀರ್ಮಾನವಾಯಿತು, 29ಕ್ಕೆ ಟರ್ಕಿಯೊಂದಿಗೆ ಸಹಿಯಾಯಿತು. ಕೋಷ್ಟಕದಲ್ಲಿ ಇಂಥ 'ಮೊದಲು ಅದು, ಆಮೇಲೆ ಇದು' ಎಂಬ ಸಾಲುಗಳಿಗೆ ಬೇರೆ ಬಣ್ಣ ಕೊಡುತ್ತೇವೆ.

ಈಗ ಮೂಲದೇಶ ನಿಯಮ, ಅಂದರೆ ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ. ಸೊನ್ನೆ ಸುಂಕ, ಸೊನ್ನೆ ಕೋಟಾ ಎಂದು ಘೋಷಣೆಯಾದಾಗ ವ್ಯಾಪಾರಿಗಳು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಸೊನ್ನೆ ಸಿಗುವುದು ಒಪ್ಪಂದದ ದೇಶಗಳಲ್ಲೇ ತಯಾರಾದದ್ದು ಎಂದು ರುಜುವಾತಾದ ಸರಕಿಗೆ ಮಾತ್ರ. ಒಂದು ಯಂತ್ರದ ಕಾರ್ಖಾನೆ ಬೆಲೆ 100 ಎಂದುಕೊಳ್ಳಿ. ಬ್ರಿಟನ್ನಿನ ಭಾಗ, ಕೂಲಿ, ಲಾಭ ಸೇರಿ 35. ಒಕ್ಕೂಟದ ಭಾಗಗಳು 25. ಉಳಿದ ದೇಶಗಳದ್ದು 40. ಹೊರಗಿನ ಭಾಗ ಶೇ 50 ಮೀರಬಾರದು ಎಂಬುದು ನಿಯಮ. ಒಕ್ಕೂಟಕ್ಕೆ ಕಳಿಸುವಾಗ ಒಕ್ಕೂಟದ 25 ಒಳಗಿನದೇ ಎಂದು ಎಣಿಸುತ್ತಾರೆ, ಹೊರಗಿನದು 40, ಪಾಸು. ಅದೇ ಯಂತ್ರವನ್ನು ಮೂರನೆಯ ದೇಶಕ್ಕೆ ಅದರೊಂದಿಗಿನ ಹೊಸ ಒಪ್ಪಂದದಡಿ ಕಳಿಸಿದರೆ, ಒಕ್ಕೂಟದ ಭಾಗವೂ ಹೊರಗಿನದಾಗಿ 65 ಆಗುತ್ತದೆ, ಫೇಲು. ಯಂತ್ರ ಬದಲಾಗಿಲ್ಲ, ಕಾರ್ಖಾನೆ ಬದಲಾಗಿಲ್ಲ. ಅದಕ್ಕೇ ದಕ್ಷಿಣ ಕೊರಿಯಾ, ಕೆನಡಾ ಮುಂತಾದ ದೇಶಗಳೊಂದಿಗಿನ ಒಪ್ಪಂದಗಳಲ್ಲಿ ಒಕ್ಕೂಟದ ಭಾಗಗಳನ್ನೂ ಸೇರಿಸಿ ಎಣಿಸುವ ಷರತ್ತನ್ನು ಕೇಳಿ ಹಾಕಿಸಿಕೊಂಡದ್ದು.

ಮಿತಿ ಶೇ 45 ಇದ್ದರೆ 44ಕ್ಕೆ ವಿನ್ಯಾಸ ಮಾಡಬೇಡಿ. ಸ್ವಂತ ನಾಣ್ಯ ಕುಸಿದರೆ ಆಮದು ಭಾಗದ ಪಾಲು ತಾನಾಗಿ ಏರುತ್ತದೆ. ಶೇಕಡಾ ಐದರಷ್ಟು ಅಂತರ ಇಟ್ಟುಕೊಳ್ಳಿ. ಒಂದು ಉಪಭಾಗ ತಾನೇ ನಿಯಮ ಪಾಸಾದರೆ ಅದರೊಳಗಿನ ಹೊರಗಿನ ಅಂಶವನ್ನು ಮತ್ತೆ ಎಣಿಸಬೇಕಿಲ್ಲ; 20 ಬೆಲೆಯ ಗೇರ್‌ಬಾಕ್ಸ್‌ನಲ್ಲಿ ಹೊರಗಿನದು 8 ಇದ್ದರೂ ಪೂರ್ತಿ 20 ಒಳಗಿನದು. ಅಂಚಿನಲ್ಲಿರುವ ಸರಕನ್ನು ಉಳಿಸುವುದು ಬಹಳ ಸಲ ಇದೇ.

ಗೋದಾಮಿನ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿ. ಜರ್ಮನಿಯಲ್ಲಿ ತಯಾರಾದ ಸರಕನ್ನು ಬ್ರಿಟನ್ನಿನ ಗೋದಾಮಿಗೆ ತಂದು, ಸುಂಕದ ಲೆಕ್ಕ ಮುಗಿಸಿ, ಲೇಬಲ್ ಹಚ್ಚಿ ಐರ್ಲೆಂಡ್‌ಗೆ ಕಳಿಸಿದರೆ ಒಪ್ಪಂದದ ರಿಯಾಯಿತಿ ಇಲ್ಲ. ಲೇಬಲ್ ಹಚ್ಚುವುದು, ಪ್ಯಾಕ್ ಮಾಡುವುದು ತಯಾರಿಕೆ ಅಲ್ಲ. ಅಂಥವರಿಗೆ ನಾವು ಹೇಳುವುದು, ಸುಂಕದ ಲೆಕ್ಕ ಮುಗಿಸದೆ ಸರಕನ್ನು ಕಸ್ಟಮ್ಸ್ ಗೋದಾಮಿನಲ್ಲೇ ಇಡಿ ಅಥವಾ ಸಾಗಣೆ ವ್ಯವಸ್ಥೆಯಡಿ ನೇರ ದಾಟಿಸಿ ಎಂದು. ಕಾಗದದ ಮಟ್ಟಿಗೆ: 6,000 ಯೂರೋ ಮೀರಿದ ರವಾನೆಗೆ ಒಕ್ಕೂಟದ ರಫ್ತುದಾರ ನೋಂದಣಿ ಸಂಖ್ಯೆ ಕೊಡಬೇಕು, ಒಂದೇ ಬಗೆಯ ಸರಕಿಗೆ 12 ತಿಂಗಳ ಒಂದೇ ಹೇಳಿಕೆ ಸಾಕು, ಆಮದಾದ ಮೂರು ವರ್ಷದೊಳಗೆ ರಿಯಾಯಿತಿಯನ್ನು ಹಿಂದಿನಿಂದಲೂ ಕೇಳಬಹುದು.

ಸಹಿ ಬಿದ್ದ ಮೇಲೆ ತೆರೆಯಬೇಕಾದ ಕೊನೆಯ ಕಡತ ಗಡುವುಗಳದು. ತಾತ್ಕಾಲಿಕ ಷರತ್ತುಗಳೆಲ್ಲ ಒಂದು ದಿನ ಮುಗಿಯುತ್ತವೆ. ಬ್ರಿಟನ್ನಿನ ಚೀಸ್‌ಗೆ ಕೆನಡಾ ಕೊಟ್ಟಿದ್ದ ಹೆಚ್ಚುವರಿ ಅವಕಾಶ 2023ರ ಡಿಸೆಂಬರ್ 31ಕ್ಕೆ ಮುಗಿಯಿತು, ಒಕ್ಕೂಟದ ಭಾಗ ಎಣಿಸುವ ಷರತ್ತು 2024ರ ಏಪ್ರಿಲ್ 1ಕ್ಕೆ; ಮಾತುಕತೆ ಆ ಜನವರಿಯಲ್ಲೇ ನಿಂತಿತ್ತು. ವಿದ್ಯುತ್ ಕಾರುಗಳ ಸಡಿಲ ನಿಯಮ 2023ರ ಕೊನೆಗೆ ಬಿಗಿಯಾಗಬೇಕಿತ್ತು, ಅದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಅಲ್ಲಿಂದ ಮುಂದೆ ಹೊರಗಿನ ಭಾಗದ ಮಿತಿ ಶೇ 45, ಬ್ಯಾಟರಿಯೂ ಒಳಗಿನದೇ ಆಗಿರಬೇಕು, ತಪ್ಪಿದರೆ ಒಕ್ಕೂಟದಲ್ಲಿ ಕಾರಿಗೆ ಶೇ 10 ಸುಂಕ. ಇಂಥ ಪ್ರತಿ ದಿನಾಂಕಕ್ಕೂ ಹದಿನೆಂಟು ತಿಂಗಳು ಮೊದಲು ಜಂಟಿ ಸಮಿತಿಯ ಕಾರ್ಯಸೂಚಿಗೆ ವಿಷಯ ಹೋಗುವಂತೆ ಕಡತದಲ್ಲಿ ಇನ್ನೊಂದು ದಿನಾಂಕ ಬರೆದಿಡಬೇಕು.