ಪ್ರೇಮ ಕಾದಂಬರಿ ಪ್ರಶಸ್ತಿ: ಎಲ್ಲರ ಪುಸ್ತಕಕ್ಕೂ ಒಂದೇ ತಕ್ಕಡಿ ಹಿಡಿಯುವುದು ಹೇಗೆ

ಪ್ರಕಟಣೆಯಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದರೆ ಪ್ರಶಸ್ತಿ ಎಲ್ಲರದ್ದಾಗುವುದಿಲ್ಲ. ಪ್ರೇಮ ಕಾದಂಬರಿಕಾರರ ಸಂಘವಾದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಸಂಸ್ಥೆ 1982ರಲ್ಲಿ ಪ್ರಶಸ್ತಿ ಶುರುಮಾಡಿತು. 1990ರಲ್ಲಿ ಅದಕ್ಕೆ ರೀಟಾ ಎಂಬ ಹೆಸರು ಬಂತು. ಕಪ್ಪು ವರ್ಣದವರ ಪುಸ್ತಕ ಬೇಡ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಆದರೂ 2018ರಲ್ಲಿ ಸಂಸ್ಥೆಯೇ ಲೆಕ್ಕ ತೆಗೆದಾಗ, ಅಂತಿಮ ಸುತ್ತಿಗೆ ಬಂದಿದ್ದ ಪುಸ್ತಕಗಳಲ್ಲಿ ಕಪ್ಪು ವರ್ಣದ ಲೇಖಕರವು ಶೇಕಡಾ 0.5ರಷ್ಟೂ ಇರಲಿಲ್ಲ. ಅವರಲ್ಲೊಬ್ಬರು ಮೊದಲ ಬಾರಿ ಗೆದ್ದದ್ದು 2019ರಲ್ಲಿ. ತೊಡಕಿದ್ದದ್ದು ಅರ್ಜಿಯಲ್ಲಲ್ಲ, ಓದಿ ಅಂಕ ಹಾಕುವಲ್ಲಿ. ಹಾಗಾಗಿ ನೀವು ಸಣ್ಣದೊಂದು ಪ್ರಶಸ್ತಿ ಇಡುವುದಾದರೂ ಹೆಚ್ಚು ಹೊತ್ತು ಕೊಡಬೇಕಾದದ್ದು ಅಲ್ಲಿಗೇ.

ಮೊದಲು ಯಾವುದು ಪ್ರೇಮ ಕಾದಂಬರಿ ಎಂದು ಎರಡು ಸಾಲಿನಲ್ಲಿ ಬರೆದಿಡಿ. ಕಥೆಯ ನಡುವೆ ಪ್ರೇಮವಿರಬೇಕು, ಕೊನೆ ಭರವಸೆ ತುಂಬುವಂತಿರಬೇಕು ಎಂಬ ಆ ಸಂಸ್ಥೆಯ ವ್ಯಾಖ್ಯೆ ಸಾಕು. ‘ಗಂಡು–ಹೆಣ್ಣು’, ‘ಮದುವೆ’ ಎಂಬ ಮಾತುಗಳನ್ನು ಅದರೊಳಗೆ ತರಬೇಡಿ.

ವಿಭಾಗಗಳನ್ನು ಕಥೆಯ ಬಗೆ ನೋಡಿ ಮಾಡಿ: ಸಮಕಾಲೀನ, ಐತಿಹಾಸಿಕ, ಪ್ಯಾರಾನಾರ್ಮಲ್ (ಅತಿಮಾನುಷ) ಮತ್ತು ಫ್ಯಾಂಟಸಿ, ಸಸ್ಪೆನ್ಸ್, ಹದಿಹರೆಯದವರದ್ದು, ಕಿರು ಕಾದಂಬರಿ. ಇಬ್ಬರು ಹೆಂಗಸರ ಪ್ರೇಮದ ಐತಿಹಾಸಿಕ ಕಾದಂಬರಿ ಐತಿಹಾಸಿಕ ವಿಭಾಗದಲ್ಲೇ ಸ್ಪರ್ಧಿಸಲಿ. ಎಲ್‌ಜಿಬಿಟಿಕ್ಯು (ಲೈಂಗಿಕ ಅಲ್ಪಸಂಖ್ಯಾತರ) ಸಾಹಿತ್ಯಕ್ಕೆಂದೇ ಇರುವ ಲ್ಯಾಂಬ್ಡಾ ಪ್ರಶಸ್ತಿಯ ಉದ್ದೇಶವೇ ಬೇರೆ. ಸಾಮಾನ್ಯ ಪ್ರಶಸ್ತಿಯೊಳಗೆ ಅಂಥ ಪುಸ್ತಕಗಳಿಗೇ ಒಂದು ವಿಭಾಗ ಮಾಡಿದರೆ, ಉಳಿದ ವಿಭಾಗಗಳ ತೀರ್ಪುಗಾರರು ‘ಅದು ಅಲ್ಲಿಗೆ ಹೋಗಲಿ’ ಅನ್ನುವುದು ಖಚಿತ. ಒಂದು ವಿಭಾಗಕ್ಕೆ ಐದಕ್ಕಿಂತ ಕಡಿಮೆ ಪುಸ್ತಕ ಬಂದರೆ ಯಾವುದರ ಜೊತೆ ಸೇರಿಸುತ್ತೀರಿ ಎಂಬುದನ್ನು ಪ್ರಕಟಣೆಯಲ್ಲೇ ಹೇಳಿ. ಪುಸ್ತಕಗಳು ಬಂದ ಮೇಲೆ ಸೇರಿಸಿದರೆ ಜಗಳ ಖಾತ್ರಿ.

ಅಚ್ಚಾದ ಐದು ಪ್ರತಿ ಕೇಳಿದರೆ ಸ್ವಂತ ದುಡ್ಡಿನಲ್ಲಿ ಪ್ರಕಟಿಸುವವರು ಅಲ್ಲೇ ಹಿಂದೆ ಸರಿಯುತ್ತಾರೆ. ಇ-ಪಬ್ ಅಥವಾ ಪಿಡಿಎಫ್ ತೆಗೆದುಕೊಳ್ಳಿ. ಕನ್ನಡ ಪುಸ್ತಕಗಳಾದರೆ ಯೂನಿಕೋಡ್‌ನಲ್ಲೇ ಇರಲಿ ಎಂದು ಒತ್ತಿ ಹೇಳಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಸರಿಯಾಗಿ ಕಂಡರೂ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ದೃಷ್ಟಿ ಇಲ್ಲದ ತೀರ್ಪುಗಾರರು ಅಲ್ಲಿಗೆ ಹೊರಗುಳಿದಂತೆ. ಲೇಖಕರ ಜಾತಿ, ಜನಾಂಗ, ಲೈಂಗಿಕತೆಗೆ ಪುರಾವೆ ಕೇಳಬೇಡಿ. ತಾವಾಗಿ ಹೇಳಿದರೆ ಬರೆದಿಟ್ಟುಕೊಳ್ಳಿ, ತೀರ್ಪುಗಾರರಿಗೆ ಕಾಣಿಸಬೇಡಿ.

ಓದಿ ಅಂಕ ಹಾಕಲು ಎಷ್ಟು ಓದುಗರು ಬೇಕು? 60 ಪುಸ್ತಕ, ಒಂದೊಂದಕ್ಕೂ ಐದು ಓದು ಎಂದರೆ 300 ಓದು. ಎಂಟು ವಾರದಲ್ಲಿ ಒಬ್ಬರು ಆರು ಪುಸ್ತಕ ಓದಿಯಾರು. ಅಂದರೆ 50 ಜನ, ನಡುವೆ ಕೈಬಿಡುವವರಿಗಾಗಿ ಇನ್ನೈದು ಜನ. ಮೂವರೇ ಓದಿದರೆ ಒಬ್ಬರ ಮುನಿಸಿಗೆ ಪುಸ್ತಕ ಬಿದ್ದುಹೋಗುತ್ತದೆ. ಶೃಂಗಾರ ಎಷ್ಟು ಬಿಚ್ಚಾಗಿರಬಹುದು, ಹಿಂಸೆ ಎಷ್ಟಿರಬಹುದು ಎಂಬ ಬಗ್ಗೆ ‘ನನಗೆ ಬೇಡ’ ಎನ್ನುವ ಅವಕಾಶ ಓದುಗರಿಗೆ ಇರಲಿ. ಪಾತ್ರಗಳು ಯಾರು ಎಂಬುದರ ಬಗ್ಗೆ ಆ ಅವಕಾಶ ಬೇಡ. ಮುಸ್ಲಿಂ ನಾಯಕಿ ಬೇಡ, ಟ್ರಾನ್ಸ್ ನಾಯಕ ಬೇಡ ಅನ್ನುವವರನ್ನು ಪಟ್ಟಿಯಿಂದಲೇ ತೆಗೆಯಿರಿ. ಅವರಿಗೆ ‘ಹೊಂದುವ’ ಪುಸ್ತಕ ಹುಡುಕುತ್ತಾ ಕೂರಬೇಡಿ.

ಅಂಕಪಟ್ಟಿ ಹೀಗಿರಲಿ: ಪ್ರೇಮದ ಬೆಳವಣಿಗೆಗೆ 25, ಪಾತ್ರಗಳಿಗೆ 20, ಕಥೆಯ ಓಟಕ್ಕೆ 20, ಭಾಷೆಗೆ 20, ಮುಕ್ತಾಯಕ್ಕೆ 15. ಪ್ರತಿ ಸಾಲಿಗೂ ಹೆಚ್ಚು, ನಡು, ಕಡಿಮೆ ಅಂಕಕ್ಕೆ ಏನಿರಬೇಕು ಎಂದು ಒಂದೊಂದು ವಾಕ್ಯ ಬರೆಯಿರಿ. ‘ಪಾತ್ರ ಮನಸ್ಸಿಗೆ ಹತ್ತಿರವಾಗಲಿಲ್ಲ’ ಎಂಬುದನ್ನು ಕಾರಣವೆಂದು ಒಪ್ಪಬೇಡಿ. ಅಪರಿಚಿತ ಬದುಕಿನ ಪುಸ್ತಕಗಳು ಸೋಲುವುದು ಹೆಚ್ಚಾಗಿ ಈ ಒಂದು ಸಾಲಿನಿಂದಲೇ. ಯಾವ ಪುಟದಲ್ಲಿ ಯಾವ ನಡೆ ನಂಬುವಂತಿರಲಿಲ್ಲ ಎಂದು ಬರೆಯಲಿ. ಬರೆಯಲಾಗದಿದ್ದರೆ ಅಂಕ ಕಡಿಯುವಂತಿಲ್ಲ.

ಕೈ ಬಿಗಿಯಿರುವವರು, ಧಾರಾಳಿಗಳು ಎಲ್ಲ ಕಡೆಯೂ ಇರುತ್ತಾರೆ. ಸರಾಸರಿ 60 ಕೊಡುವವರು 72 ಕೊಟ್ಟರೆ ಅದು +12. ಸರಾಸರಿ 85 ಕೊಡುವವರ 80, ಲೆಕ್ಕದಲ್ಲಿ −5. ಹೀಗೆ ತಾಳೆ ಹಾಕಿ. ಆದರೆ ಒಬ್ಬರ ಪಾಲಿಗೆ ಬಂದ ಆರೂ ಪುಸ್ತಕ ಸಪ್ಪೆಯಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ, ಸ್ಪರ್ಧೆಯಲ್ಲಿಲ್ಲದ ಎರಡು ಹಳೆಯ ಕಾದಂಬರಿಗಳನ್ನು ಮೊದಲೇ ಎಲ್ಲರಿಂದ ಓದಿಸಿ, ಅಂಕ ಹಾಕಿಸಿ, ಒಟ್ಟಿಗೆ ಕೂತು ಚರ್ಚಿಸಿ. ಯಾರ ಕೈ ಎಷ್ಟು ಬಿಗಿ ಎಂಬುದು ಅಲ್ಲೇ ಗೊತ್ತಾಗುತ್ತದೆ. ಒಂದೇ ಪುಸ್ತಕಕ್ಕೆ ಬಂದ ಅಂಕಗಳ ನಡುವೆ 25ಕ್ಕಿಂತ ಹೆಚ್ಚು ಅಂತರವಿದ್ದರೆ ಆರನೆಯವರಿಗೆ ಕೊಡಿ, ಹಿಂದಿನ ಅಂಕ ತೋರಿಸದೆ.

ಅಂಕಪಟ್ಟಿ ಎಷ್ಟು ಚೆನ್ನಾಗಿದ್ದರೂ ಹಿಡಿಯದ ಒಂದು ದೋಷವಿದೆ. ರೀಟಾ ನಿಂತ ಮೇಲೆ ಅದೇ ಸಂಸ್ಥೆ 2020ರಲ್ಲಿ ವಿವಿಯನ್ ಎಂಬ ಹೊಸ ಪ್ರಶಸ್ತಿ ಘೋಷಿಸಿತು. ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ, ಕಪ್ಪು ವರ್ಣದ ಸಂಪಾದಕಿ ವಿವಿಯನ್ ಸ್ಟೀಫನ್ಸ್ ಅವರ ಹೆಸರದು. ತೀರ್ಪುಗಾರರಿಗೆ ತರಬೇತಿ, ಸ್ಪಷ್ಟ ಮಾನದಂಡ ಎಲ್ಲವೂ ಇತ್ತು. 2021ರ ಮೊದಲ ಸಲವೇ ಧಾರ್ಮಿಕ ಅಂಶಗಳ ವಿಭಾಗದಲ್ಲಿ ಗೆದ್ದ ಪುಸ್ತಕದ ನಾಯಕ, 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ಮೇಲೆ ಎರಗಿದ ಸೈನಿಕರಲ್ಲಿ ಒಬ್ಬ. ಟೀಕೆ ಎದ್ದು, ಕೆಲವೇ ದಿನಗಳಲ್ಲಿ ಪ್ರಶಸ್ತಿ ವಾಪಸಾಯಿತು. ಇಂಥ ಪುಸ್ತಕ ಪ್ರೇಮ, ಪಾತ್ರ, ಭಾಷೆ ಎಲ್ಲದರಲ್ಲೂ ಅಂಕ ಗಳಿಸಬಹುದು. ಆದ್ದರಿಂದ ಅಂತಿಮ ಪಟ್ಟಿ ಸಿದ್ಧವಾದ ಮೇಲೆ, ಹೊರಗೆ ಬಿಡುವ ಮೊದಲು, ಮೂರು ವಾರ ಇಟ್ಟುಕೊಳ್ಳಿ. ಕಥೆಯಲ್ಲಿ ಬರುವ ಸಮುದಾಯದ ಒಬ್ಬರಾದರೂ ಆ ಪುಸ್ತಕ ಓದಲಿ, ಪುಕ್ಕಟೆಯಾಗಿ ಅಲ್ಲ. ಅವರು ಅಂಕ ಹಾಕುವುದಿಲ್ಲ. ಆಕ್ಷೇಪವಿದ್ದರೆ ಬರೆದು ಕೊಡುತ್ತಾರೆ, ಸಮಿತಿ ಉತ್ತರ ಬರೆಯುತ್ತದೆ. ಪ್ರಶಸ್ತಿ ಹಿಂಪಡೆಯುವ ನಿಯಮವೂ ಮೊದಲೇ ಬರೆದಿರಲಿ: ಯಾರು ದೂರಬಹುದು, ಯಾರು ತೀರ್ಮಾನಿಸುತ್ತಾರೆ, ಎಷ್ಟು ದಿನದಲ್ಲಿ.

ಫಲಿತಾಂಶದ ದಿನವೇ ಯಾವ ವಿಭಾಗಕ್ಕೆ ಎಷ್ಟು ಪುಸ್ತಕ ಬಂದವು, ಎಷ್ಟು ಮುಂದಿನ ಸುತ್ತಿಗೆ ಹೋದವು ಎಂಬ ಲೆಕ್ಕ ಪ್ರಕಟಿಸಿ. ತಿಂಗಳೊಳಗೆ ಪ್ರತಿ ಲೇಖಕರಿಗೂ ಅವರ ಐದು ಅಂಕಪಟ್ಟಿ, ತೀರ್ಪುಗಾರರ ಹೆಸರು ತೆಗೆದು, ಕಳಿಸಿ.